ಬೇಸ್‌ನಿಂದ ಸೊಲಾನಾಕ್ಕೆ ಯುಎಸ್‌ಡಿಸಿ: ಹೊರಡುವ ಮುಂಚೆ ಆ ಕಡೆ ಚಿಲ್ಲರೆ ಇಡಿ

ಹೋದ ವರ್ಷ ನನ್ನ ಸೊಲಾನಾ ವಾಲೆಟ್‌ನಲ್ಲಿ 150 ಯುಎಸ್‌ಡಿಸಿ (ಒಂದಕ್ಕೆ ಒಂದು ಡಾಲರ್ ಲೆಕ್ಕದ ಕ್ರಿಪ್ಟೋ ನಾಣ್ಯ) ಎರಡು ದಿನ ಸುಮ್ನೆ ಕೂತಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಬೇಸ್, ಸೊಲಾನಾ ಎರಡೂ ಬೇರೆ ಬೇರೆ ಬ್ಲಾಕ್‌ಚೈನ್‌ಗಳು. ಬೇಸ್ ಚೈನ್‌ನಿಂದ ಬ್ರಿಡ್ಜ್ ಮಾಡಿ, ಅಂದರೆ ಒಂದು ಚೈನ್‌ನಿಂದ ಇನ್ನೊಂದಕ್ಕೆ ದಾಟಿಸುವ ಸೇವೆಯ ಮೂಲಕ, ಕಳಿಸಿದ್ದೆ. ಹಣವೇನೋ ಸರಿಯಾಗಿಯೇ ಬಂದು ತಲುಪಿತ್ತು. ಆದರೆ ಸೊಲಾನಾದಲ್ಲಿ ಏನೇ ಮಾಡಿದರೂ ಫೀ ಕಟ್ಟಬೇಕು, ಅದನ್ನು ಸೋಲ್ ನಾಣ್ಯದಲ್ಲೇ ಕಟ್ಟಬೇಕು. ನನ್ನ ಹತ್ತಿರ ಇದ್ದ ಸೋಲ್ ಸೊನ್ನೆ. ಯುಎಸ್‌ಡಿಸಿ ಕೊಟ್ಟು ಸೋಲ್ ತಗೊಳ್ಳೋಣ ಅಂದರೆ ಆ ವ್ಯವಹಾರಕ್ಕೂ ಸೋಲ್ ಬೇಕು! ಕೊನೆಗೆ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ 0.02 ಸೋಲ್ ಹಾಕಿಸಿಕೊಂಡೆ. "ಅಣ್ಣಾ, ಬಸ್ ಹತ್ತೋ ಮುಂಚೆ ಚಿಲ್ಲರೆ ಇಟ್ಕೋ ಅಂತ ನಂಗೆ ಹೇಳ್ತಿದ್ದೋನು ನೀನೇ ಅಲ್ವಾ" ಅಂತ ನಕ್ಕ.

ಬೇಸ್‌ನಿಂದ ಆರ್ಬಿಟ್ರಮ್‌ಗೆ, ಆರ್ಬಿಟ್ರಮ್‌ನಿಂದ ಪಾಲಿಗಾನ್‌ಗೆ ಓಡಾಡಿ ಅಭ್ಯಾಸ ಇರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ನಾನು ಎಡವಿದ್ದೂ ಹಾಗೇ. ಅದಕ್ಕೇ ಒಂದೇ ಉದಾಹರಣೆ ಹಿಡಿದು ಹೋಗೋಣ: ಬೇಸ್‌ನಲ್ಲಿರುವ 200 ಯುಎಸ್‌ಡಿಸಿಯನ್ನು ಸೊಲಾನಾಕ್ಕೆ ಸಾಗಿಸುವುದು.

ಉದ್ರಿ ಪುಸ್ತಕ ಮತ್ತು ಪಾಸ್‌ಬುಕ್

ಇಥೀರಿಯಂ, ಬೇಸ್, ಆರ್ಬಿಟ್ರಮ್, ಪಾಲಿಗಾನ್ ಇವೆಲ್ಲ ಓಡುವುದು ಇವಿಎಂ ಎಂಬ ಒಂದೇ ನಮೂನೆಯ ವರ್ಚುವಲ್ ಮಷೀನ್ (ಚೈನ್‌ನ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ) ಮೇಲೆ. ಒಂದರಲ್ಲಿ ನಿಮ್ಮ ವಿಳಾಸ ಏನಿದೆಯೋ ಇನ್ನೊಂದರಲ್ಲೂ ಅದೇ. ಸೊಲಾನಾದ ಮಷೀನ್ ಬೇರೆ. ಸೂಯಿ, ಆಪ್ಟಾಸ್ ಚೈನ್‌ಗಳದ್ದು ಇನ್ನೂ ಬೇರೆ. ಅವು ಬಳಸುವ ಮೂವ್ ಭಾಷೆ ಹುಟ್ಟಿದ್ದು ಫೇಸ್‌ಬುಕ್‌ನ ಡಿಯೆಮ್ ಯೋಜನೆಯಲ್ಲಿ.

ವ್ಯತ್ಯಾಸ ಎಲ್ಲಿದೆ ಅಂದರೆ, ಲೆಕ್ಕ ಬರೆದಿಡುವ ಪದ್ಧತಿಯಲ್ಲಿ. ಇವಿಎಂ ಚೈನ್‌ನಲ್ಲಿ ಯುಎಸ್‌ಡಿಸಿ ಅನ್ನುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ. ಒಂದೇ ಪುಸ್ತಕ, ಅದರಲ್ಲೇ ಎಲ್ಲರ ಹೆಸರು, ಹೆಸರಿನ ಮುಂದೆ ಮೊತ್ತ. ಸೊಲಾನಾದಲ್ಲಿ ಬ್ಯಾಂಕಿನ ಪಾಸ್‌ಬುಕ್ ಪದ್ಧತಿ. ಪ್ರತಿ ಟೋಕನ್‌ಗೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ಬುಕ್. ಇದಕ್ಕೆ ಟೋಕನ್ ಅಕೌಂಟ್ ಅಂತಾರೆ. ನಿಮ್ಮ ವಾಲೆಟ್‌ಗೆ ಮೊದಲ ಸಲ ಯುಎಸ್‌ಡಿಸಿ ಬರಬೇಕಾದರೆ ಯಾರಾದರೂ ಈ ಪಾಸ್‌ಬುಕ್ ತೆರೆಯಬೇಕು. ಅದಕ್ಕೆ ಸುಮಾರು 0.002 ಸೋಲ್ ಠೇವಣಿ. ಅಕೌಂಟ್ ಮುಚ್ಚಿದರೆ ವಾಪಸ್ ಸಿಗುತ್ತದೆ. ನನ್ನ ಪ್ರಕರಣದಲ್ಲಿ ಬ್ರಿಡ್ಜ್‌ನವರ ರಿಲೇಯರ್, ಅಂದರೆ ಆ ಕಡೆಯ ಕೆಲಸ ಮಾಡಿಕೊಡುವ ಮಧ್ಯವರ್ತಿ, ತಾನೇ ಪಾಸ್‌ಬುಕ್ ತೆರೆದುಕೊಟ್ಟಿದ್ದ, ಹಾಗಾಗಿ ಹಣ ಬಂದು ಕೂತಿತು. ಅಲ್ಲಿಂದ ಮುಂದಿನದು ನನ್ನ ತಲೆನೋವು.

ಎಣಿಕೆಯಲ್ಲೂ ಒಂದು ಸ್ವಾರಸ್ಯ ಇದೆ. ಇಥೀರಿಯಂನ ನಾಣ್ಯ ಈಥರ್‌ಗೆ ದಶಮಾಂಶದ ನಂತರ 18 ಸ್ಥಾನ. ಸೊಲಾನಾದ ಟೋಕನ್ ಅಕೌಂಟ್ ಮೊತ್ತವನ್ನು 64 ಬಿಟ್‌ಗಳಲ್ಲಿ ಬರೆಯುತ್ತದೆ. 18 ಸ್ಥಾನ ಇಟ್ಟುಕೊಂಡರೆ ಸುಮಾರು 18 ಟೋಕನ್‌ಗೇ ಜಾಗ ಮುಗಿದುಹೋಗುತ್ತದೆ! ಅದಕ್ಕೇ ವರ್ಮ್‌ಹೋಲ್ ಬ್ರಿಡ್ಜ್ ದಾಟಿಸುವಾಗ ಇಂಥ ಟೋಕನ್‌ಗಳನ್ನು 8 ಸ್ಥಾನಕ್ಕೆ ಮೊಟಕು ಮಾಡುತ್ತದೆ. ಯುಎಸ್‌ಡಿಸಿಗೆ ಎರಡೂ ಕಡೆ 6 ಸ್ಥಾನವೇ ಇರುವುದರಿಂದ ನಮಗೆ ಆ ತಾಪತ್ರಯ ಇಲ್ಲ.

ದಾಟುವುದು ಅಂದರೇನು

ನಿಜ ಹೇಳಬೇಕೆಂದರೆ ಯಾವುದೂ ದಾಟುವುದಿಲ್ಲ. ಬೇಸ್‌ನ ಪುಸ್ತಕದಲ್ಲಿರುವ ಅಂಕಿ ಎದ್ದು ಸೊಲಾನಾಕ್ಕೆ ನಡೆದು ಹೋಗಲಾರದು. ಈ ಕಡೆ ಏನೋ ಆಯಿತು ಅಂತ ಯಾರೋ ಸಾಕ್ಷಿ ಹೇಳುತ್ತಾರೆ, ಅವರ ಮಾತು ನಂಬಿ ಆ ಕಡೆ ಹೊಸದಾಗಿ ಅಂಕಿ ಬರೆಯುತ್ತಾರೆ. ಹಾಗಾಗಿ ಬ್ರಿಡ್ಜ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಸಾಕ್ಷಿ ಯಾರು?

ಒಂದು ನಮೂನೆ ಗಿರವಿ ಅಂಗಡಿ. ನಿಮ್ಮ ಟೋಕನ್ ಇಲ್ಲಿ ಬೀಗ ಹಾಕಿ ಇಟ್ಟುಕೊಂಡು, ಅಲ್ಲಿ ಅದರ ಹೆಸರಿನ ಚೀಟಿ ಕೊಡುತ್ತಾರೆ. ಈ ಚೀಟಿಗೆ ರ‍್ಯಾಪ್ಡ್ ಟೋಕನ್ ಅಂತ ಹೆಸರು. ಅಂಗಡಿಗೆ ಕನ್ನ ಬಿದ್ದರೆ ಚೀಟಿ ಬರೀ ಕಾಗದ. 2022ರ ಫೆಬ್ರವರಿ 2ರಂದು ವರ್ಮ್‌ಹೋಲ್‌ನಲ್ಲಿ ಆದದ್ದು ಇದರ ಒಂದು ರೂಪ. ಈ ಕಡೆ ಏನೂ ಇಡದೆಯೇ ಸೊಲಾನಾ ಕಡೆ 1,20,000 ರ‍್ಯಾಪ್ಡ್ ಈಥರ್ ಸೃಷ್ಟಿಸಿಕೊಂಡರು. ಸುಮಾರು 32 ಕೋಟಿ ಡಾಲರ್ ಬೆಲೆ. ಅದು ಆಗಿದ್ದು ಎರಡು ಮಷೀನ್‌ಗಳ ನಡುವಿನ ವ್ಯತ್ಯಾಸ ಇರುವ ಜಾಗದಲ್ಲೇ. ಸೊಲಾನಾದಲ್ಲಿ ಪ್ರೋಗ್ರಾಂ ಯಾವ ಯಾವ ಅಕೌಂಟ್ ನೋಡಬೇಕು ಅನ್ನುವುದನ್ನು ಕೆಲಸಕ್ಕೆ ಬಂದವನೇ ತಂದು ಮುಂದಿಡುತ್ತಾನೆ. ಅದು ಅಸಲಿಯೋ ನಕಲಿಯೋ ಅಂತ ಪ್ರೋಗ್ರಾಂ ನೋಡಿಕೊಳ್ಳಬೇಕು. ಕಳ್ಳ ನಕಲಿ ಅಕೌಂಟ್ ಮುಂದಿಟ್ಟ, ಸಹಿ ಪರಿಶೀಲನೆಯ ಕೋಡ್ ಅದನ್ನೇ ನಂಬಿತು. ಜಂಪ್ ಕ್ರಿಪ್ಟೋ ಸಂಸ್ಥೆ ತನ್ನ ಕೈಯಿಂದ ಈಥರ್ ತುಂಬಿಕೊಟ್ಟಿದ್ದರಿಂದ ಚೀಟಿ ಹಿಡಿದವರು ಬಚಾವಾದರು. ಮರು ತಿಂಗಳು ರೋನಿನ್ ಬ್ರಿಡ್ಜ್‌ನಲ್ಲಿ ಒಂಬತ್ತು ಬೀಗದಕೈಗಳ ಪೈಕಿ ಐದು ಕಳ್ಳರ ಪಾಲಾದವು. 1,73,600 ಈಥರ್ ಹೋಗಿದ್ದು ಗೊತ್ತಾಗಲು ಆರು ದಿನ ಹಿಡಿಯಿತು.

ಎರಡನೆಯದು ಒಂದೇ ಬ್ಯಾಂಕಿನ ಎರಡು ಶಾಖೆ. ಈ ಶಾಖೆಯಲ್ಲಿ ನಿಮ್ಮ ದುಡ್ಡು ಸುಟ್ಟುಹಾಕಿ, ಆ ಶಾಖೆಯಲ್ಲಿ ಅಷ್ಟೇ ಹೊಸದಾಗಿ ಅಚ್ಚು ಹಾಕುತ್ತಾರೆ. ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿಯೇ ಇದನ್ನು ನಡೆಸುತ್ತದೆ. ಹೆಸರು ಸಿಸಿಟಿಪಿ. 2023ರಲ್ಲಿ ಇಥೀರಿಯಂ ಮತ್ತು ಅವಲಾಂಚ್ ನಡುವೆ ಶುರುವಾಗಿ 2024ರಲ್ಲಿ ಸೊಲಾನಾಕ್ಕೂ ಬಂತು. ಇಲ್ಲಿ ಸಾಕ್ಷಿ ಸರ್ಕಲ್. ಯುಎಸ್‌ಡಿಸಿ ಇಟ್ಟುಕೊಂಡ ಮೇಲೆ ಆ ಕಂಪನಿಯನ್ನು ಹೇಗೂ ನಂಬಿದ್ದೀರಿ, ಇನ್ನೊಬ್ಬರನ್ನು ಹೊಸದಾಗಿ ನಂಬುವ ಅಗತ್ಯ ಇಲ್ಲ. ಅದಕ್ಕೇ ನನ್ನ ಆಯ್ಕೆ ಇದೇ.

ಮೂರನೆಯದು ಕೈಬದಲು. "ನೀನು ಹುಬ್ಬಳ್ಳೀಲಿ ನನ್ನ ತಮ್ಮನಿಗೆ ಕೊಟ್ಟುಬಿಡು, ನಾನು ಇಲ್ಲಿ ನಿನ್ನ ಹೆಂಡತಿಗೆ ಕೊಡ್ತೀನಿ" ಅನ್ನುತ್ತೀವಲ್ಲ, ಹಾಗೆ. ಡಿಬ್ರಿಡ್ಜ್, ಮಯಾನ್ ಇವೆಲ್ಲ ಸುಮಾರಾಗಿ ಈ ದಾರಿಯವು. ಆ ಕಡೆ ದುಡ್ಡು ಇಟ್ಟುಕೊಂಡವರು ತಮ್ಮ ಜೇಬಿನಿಂದ ನಿಮಗೆ ಕೊಟ್ಟು, ಈ ಕಡೆ ನಿಮ್ಮದನ್ನು ತಗೊಳ್ಳುತ್ತಾರೆ. ಸೆಕೆಂಡುಗಳಲ್ಲಿ ಮುಗಿಯುತ್ತದೆ, ಕಮಿಷನ್ ಸ್ವಲ್ಪ ಇರುತ್ತದೆ.

ಇದ್ಯಾವುದೂ ಬೇಡ ಅನ್ನುವವರಿಗೆ ಕ್ರಿಪ್ಟೋ ಕೊಳ್ಳುವ ಮಾರುವ ಎಕ್ಸ್‌ಚೇಂಜ್‌ನ ದಾರಿ ಇದ್ದೇ ಇದೆ. ಯುಎಸ್‌ಡಿಸಿಯನ್ನು ಬೇಸ್‌ನಲ್ಲಿ ಜಮಾ ಮಾಡಿ, ಸೊಲಾನಾದಲ್ಲಿ ಹೊರಗೆ ತೆಗೆದುಕೊಳ್ಳುವುದು. ಎರಡೂ ನೆಟ್‌ವರ್ಕ್ ಅಲ್ಲಿ ಇವೆಯೇ, ನಿಮ್ಮ ಖಾತೆಯಿಂದ ಕ್ರಿಪ್ಟೋ ಹೊರಗೆ ಕಳಿಸಲು ಬಿಡುತ್ತಾರೆಯೇ ಅಂತ ಮೊದಲೇ ನೋಡಿಕೊಳ್ಳಿ. ಭಾರತದ ಎಲ್ಲ ಎಕ್ಸ್‌ಚೇಂಜ್‌ಗಳೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಕಳಿಸುವವರಾದರೆ ಇದೇ ಸಲೀಸು.

ಹೆಜ್ಜೆ 1: ವಿಳಾಸ

ಇವಿಎಂ ವಿಳಾಸ ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಶುರುವಾಗಿ, ಮುಂದೆ 40 ಅಕ್ಷರ ಇರುತ್ತದೆ. ಸೊಲಾನಾದ್ದು ಹಾಗಲ್ಲ. 32ರಿಂದ 44 ಅಕ್ಷರ, ದೊಡ್ಡಕ್ಷರ ಚಿಕ್ಕಕ್ಷರ ಬೆರೆತಿರುತ್ತವೆ, ಒಂದು ಅಕ್ಷರ ದೊಡ್ಡದಿದ್ದದ್ದು ಚಿಕ್ಕದಾದರೂ ವಿಳಾಸವೇ ಬೇರೆ. ಕಣ್ಣು ತಪ್ಪಬಾರದು ಅಂತ ಸೊನ್ನೆ, ದೊಡ್ಡ ಓ, ದೊಡ್ಡ ಐ, ಚಿಕ್ಕ ಎಲ್ ಈ ನಾಲ್ಕನ್ನು ಬಿಟ್ಟೇಬಿಟ್ಟಿದ್ದಾರೆ. ಸೂಯಿ, ಆಪ್ಟಾಸ್ ವಿಳಾಸಗಳೂ ಸೊನ್ನೆ-ಎಕ್ಸ್‌ನಿಂದಲೇ ಶುರುವಾಗುತ್ತವೆ. ಆದರೆ ಪೂರ್ತಿ ಬರೆದರೆ ಮುಂದೆ 64 ಅಕ್ಷರ. ಮೊದಲೆರಡು ಅಕ್ಷರ ನೋಡಿ ಇಥೀರಿಯಂ ಅಂದುಕೊಳ್ಳಬೇಡಿ.

ಫ್ಯಾಂಟಮ್ ವಾಲೆಟ್‌ನಲ್ಲಿ ಬೇಸ್, ಸೊಲಾನಾ ಎರಡೂ ಇವೆ. 2025ರಿಂದ ಮೆಟಾಮಾಸ್ಕ್‌ನಲ್ಲೂ ಸೊಲಾನಾ ಬಂದಿದೆ. ಒಂದೇ 12 ಪದಗಳ ಸೀಡ್ ಫ್ರೇಸ್‌ನಿಂದ (ವಾಲೆಟ್‌ನ ಮೂಲ ಗುಟ್ಟು) ಎರಡು ಬೇರೆ ಬೇರೆ ಕೀಲಿ ಹುಟ್ಟುತ್ತವೆ. ಒಂದು ವಾಲೆಟ್‌ನ ಪದಗಳನ್ನು ಇನ್ನೊಂದರಲ್ಲಿ ಹಾಕಿದಾಗ ಸೊಲಾನಾ ವಿಳಾಸ ಬೇರೆಯೇ ಕಂಡರೆ ಗಾಬರಿ ಬೇಡ. ಕೀಲಿ ಹುಟ್ಟಿಸುವ ದಾರಿ ಬೇರೆ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು.

ವಿಳಾಸವನ್ನು ಯಾವಾಗಲೂ ವಾಲೆಟ್‌ನ ರಿಸೀವ್ ಪರದೆಯಿಂದಲೇ ಕಾಪಿ ಮಾಡಿ. ಹಳೇ ವ್ಯವಹಾರಗಳ ಪಟ್ಟಿಯಿಂದ ಬೇಡ. ನಿಮ್ಮದರ ಹಾಗೇ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದುವ ವಿಳಾಸ ಮಾಡಿಕೊಂಡು, ಅದರಿಂದ ಪುಡಿಗಾಸು ಕಳಿಸಿ ನಿಮ್ಮ ಪಟ್ಟಿಯೊಳಗೆ ನುಸುಳುವ ಕಳ್ಳರಿದ್ದಾರೆ.

ಹೆಜ್ಜೆ 2: ಚಿಲ್ಲರೆ

ಸೊಲಾನಾ ಕಡೆ 0.02 ಸೋಲ್ ಮೊದಲೇ ಇಡಿ. ಅಲ್ಲಿನ ಮೂಲ ಫೀ ಒಂದು ಸಹಿಗೆ 0.000005 ಸೋಲ್ ಮಾತ್ರ. ಪಾಸ್‌ಬುಕ್ ಠೇವಣಿಯೇ ದೊಡ್ಡ ಖರ್ಚು. ಎಕ್ಸ್‌ಚೇಂಜ್‌ನಿಂದ ತರಿಸಿ, ಇಲ್ಲವೇ ಗೊತ್ತಿದ್ದವರಿಂದ ಹಾಕಿಸಿಕೊಳ್ಳಿ. ಕೈಬದಲು ಬ್ರಿಡ್ಜ್‌ಗಳಲ್ಲಿ ಇನ್ನೊಂದು ಉಪಾಯ ಇದೆ: ಯುಎಸ್‌ಡಿಸಿ ಕೊಟ್ಟು ಆ ಕಡೆ ನೇರವಾಗಿ ಸೋಲ್ ಪಡೆಯುವುದು. ಐದು ಡಾಲರ್‌ನಷ್ಟು ಹಾಗೆ ಕಳಿಸಿದರೆ ದಾರಿಯೂ ಪರೀಕ್ಷೆ ಆಯಿತು, ಚಿಲ್ಲರೆಯೂ ಸಿಕ್ಕಿತು.

ಈ ಕಡೆ ಬೇಸ್‌ನಲ್ಲೂ ಸ್ವಲ್ಪ ಈಥರ್ ಇರಬೇಕು, ಬೇಸ್‌ನಲ್ಲಿರುವ ಈಥರೇ ಆಗಬೇಕು. ಇಥೀರಿಯಂ ಮುಖ್ಯ ಚೈನ್‌ನಲ್ಲಿ ಎಷ್ಟಿದ್ದರೂ ಇಲ್ಲಿ ಪ್ರಯೋಜನ ಇಲ್ಲ.

ಹೆಜ್ಜೆ 3: ಸೈಟ್ ಮತ್ತು ರೂಟ್

ಗೂಗಲ್‌ನಲ್ಲಿ ಬ್ರಿಡ್ಜ್ ಹೆಸರು ಹುಡುಕಿ ಮೇಲೆ ಬಂದ ಜಾಹೀರಾತು ಒತ್ತುವುದು ಬೇಡವೇ ಬೇಡ. ಅದೇ ಬಣ್ಣ, ಅದೇ ಲೋಗೋ ಇರುವ ನಕಲಿ ಸೈಟ್‌ಗಳು ಅಲ್ಲೇ ಕಾದಿರುತ್ತವೆ. ಯೋಜನೆಯ ಅಧಿಕೃತ ದಾಖಲೆ ಪುಟದಿಂದ ಹೋಗಿ, ಒಮ್ಮೆ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಯಾವ ಬ್ರಿಡ್ಜೂ ಸೀಡ್ ಫ್ರೇಸ್ ಕೇಳುವುದಿಲ್ಲ. ಕೇಳಿದರೆ ಟ್ಯಾಬ್ ಮುಚ್ಚಿ.

ವರ್ಮ್‌ಹೋಲ್‌ನ ಪೋರ್ಟಲ್‌ನಂಥ ಜಾಗದಲ್ಲಿ ಒಂದೇ ಹಣಕ್ಕೆ ಮೂರು ನಾಲ್ಕು ರೂಟ್ ತೋರಿಸುತ್ತಾರೆ. ಅದರಲ್ಲಿ ಸಿಸಿಟಿಪಿ ಅಂತ ಇರುವುದನ್ನು ಆರಿಸಿ. ಜೊತೆಗೆ ಮ್ಯಾನ್ಯುವಲ್ ಅಂತಿದ್ದರೆ ಕೊನೇ ಹೆಜ್ಜೆ ನೀವೇ ಬಂದು ಒತ್ತಬೇಕು, ಆಗ ಸೋಲ್ ಇರಲೇಬೇಕು. "ನಿಮಗೆ ಸಿಗುವುದು ಇಷ್ಟು" ಅನ್ನುವ ಸಾಲಿನಲ್ಲಿ ಮೊತ್ತ ಮಾತ್ರ ಅಲ್ಲ, ಟೋಕನ್ ಹೆಸರನ್ನೂ ಓದಿ. ಯುಎಸ್‌ಡಿಸಿ ಅಂತಷ್ಟೇ ಇರಬೇಕು. ಅದರ ಬಾಲಕ್ಕೆ ಬೇರೆ ಅಕ್ಷರ ಅಂಟಿಕೊಂಡಿದ್ದರೆ ಬಹುಶಃ ಅದು ಗಿರವಿ ಚೀಟಿ. ಅದನ್ನು ತಗೊಳ್ಳದ ಆ್ಯಪ್‌ಗಳು ಬೇಕಾದಷ್ಟಿವೆ.

ಹೆಜ್ಜೆ 4: ಐದು ಡಾಲರ್ ಮೊದಲು

200ನ್ನು ಒಟ್ಟಿಗೇ ಕಳಿಸಬೇಡಿ. ಮೊದಲು 5 ಕಳಿಸಿ, ಅದು ಸೊಲಾನಾಕ್ಕೆ ಬಂದು, ಅಲ್ಲಿಂದ ಒಂದು ಡಾಲರ್ ಎಲ್ಲಿಗಾದರೂ ಕಳಿಸಲು ಆಗುತ್ತದೆಯೇ ನೋಡಿ. ಬಂದರೆ ಸಾಲದು, ಅಲುಗಾಡಬೇಕು. ಮೊದಲೇ ಹೀಗೆ ಮಾಡಿದ್ದಿದ್ದರೆ ಚಿಕ್ಕಪ್ಪನ ಮಗನ ಹತ್ತಿರ ನನ್ನ ಮಾನ ಉಳಿಯುತ್ತಿತ್ತು.

ಹೆಜ್ಜೆ 5: ಎರಡು ಸಹಿ

ಬೇಸ್ ಕಡೆ ವಾಲೆಟ್ ಎರಡು ಸಲ ಕೇಳುತ್ತದೆ. ಮೊದಲನೆಯದು ಅಪ್ರೂವ್: "ನನ್ನ ಯುಎಸ್‌ಡಿಸಿಯಲ್ಲಿ ಇಷ್ಟನ್ನು ಈ ಕಾಂಟ್ರಾಕ್ಟ್ ಮುಟ್ಟಬಹುದು" ಅನ್ನುವ ಅನುಮತಿ. ಕಾಂಟ್ರಾಕ್ಟ್ ಅಂದರೆ ಚೈನ್ ಮೇಲೆ ಓಡುವ ಬ್ರಿಡ್ಜ್‌ನ ಪ್ರೋಗ್ರಾಂ. ಇಲ್ಲಿ ಅನ್‌ಲಿಮಿಟೆಡ್ ಅಂತಿದ್ದರೆ ಅಳಿಸಿ ಈಗ ಕಳಿಸುವಷ್ಟು ಮೊತ್ತ ಮಾತ್ರ ಬರೆಯಿರಿ. ಅಪರಿಮಿತ ಅನುಮತಿ ಅಂದರೆ ಸಹಿ ಹಾಕಿದ ಖಾಲಿ ಚೆಕ್. ಆ ಕಾಂಟ್ರಾಕ್ಟ್‌ನಲ್ಲಿ ನಾಳೆ ದೋಷ ಸಿಕ್ಕರೆ ನಿಮ್ಮ ವಾಲೆಟ್ ತನಕ ಬರುತ್ತದೆ. ಎರಡನೆಯದು ಅಸಲಿ ಕಳಿಸುವ ವ್ಯವಹಾರ, ಇಲ್ಲಿ ಅಷ್ಟು ಯುಎಸ್‌ಡಿಸಿ ಸುಟ್ಟುಹೋಗುತ್ತದೆ. ಅದರ ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತಿನ ಸಂಖ್ಯೆ) ಕಾಪಿ ಮಾಡಿ ಫೋನಿನ ನೋಟ್ಸ್‌ನಲ್ಲಿ ಹಾಕಿಟ್ಟುಕೊಳ್ಳಿ. ಮುಂದೆ ಏನೇ ಎಡವಟ್ಟಾದರೂ ಅದೇ ನಿಮ್ಮ ರಸೀದಿ.

ಹೆಜ್ಜೆ 6: ಕಾಯುವುದು

ಬೇಸ್‌ನಲ್ಲಿ ಎರಡು ಸೆಕೆಂಡಿಗೊಂದು ಬ್ಲಾಕ್ ಬರುತ್ತದೆ, ಆದರೂ ಸಾಮಾನ್ಯ ಸಿಸಿಟಿಪಿ ವರ್ಗಾವಣೆಗೆ 15ರಿಂದ 20 ನಿಮಿಷ ಹಿಡಿಯುತ್ತದೆ. ಬೇಸ್ ತನ್ನ ಲೆಕ್ಕವನ್ನು ಇಥೀರಿಯಂ ಮೇಲೆ ಬರೆಯುತ್ತದೆ, ಇಥೀರಿಯಂನಲ್ಲಿ ಬರೆದದ್ದು ಇನ್ನು ಅಳಿಸಲಾಗದು ಅನ್ನಲು ಸುಮಾರು 13 ನಿಮಿಷ ಬೇಕು. ಅಷ್ಟಾಗದೆ ಸರ್ಕಲ್ ಸಾಕ್ಷಿ ಸಹಿ ಹಾಕುವುದಿಲ್ಲ. ಸುಟ್ಟಿದ್ದು ಆಮೇಲೆ ಸುಟ್ಟಿಲ್ಲ ಅಂತಾದರೆ ಎರಡೂ ಕಡೆ ದುಡ್ಡು ಉಳಿದುಬಿಡುತ್ತದಲ್ಲ! ಸ್ವಲ್ಪ ಫೀ ಕೊಟ್ಟರೆ ಸೆಕೆಂಡುಗಳಲ್ಲಿ ಮುಗಿಸುವ ಫಾಸ್ಟ್ ಆಯ್ಕೆಯೂ 2025ರಿಂದ ಬಂದಿದೆ. ನಾನು ಕಾಯುತ್ತೇನೆ. ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ.

ಹೆಜ್ಜೆ 7: ಆ ಕಡೆ ಬಿಡಿಸಿಕೊಳ್ಳುವುದು

ಮ್ಯಾನ್ಯುವಲ್ ರೂಟ್ ಆದರೆ ಕ್ಲೇಮ್ ಬಟನ್ ಬರುತ್ತದೆ. ಒತ್ತಿದರೆ ಸೊಲಾನಾ ವಾಲೆಟ್ ಸಹಿ ಕೇಳುತ್ತದೆ. ಇಲ್ಲಿ ಮೀನ ಮೇಷ ಎಣಿಸುತ್ತಾ ಕೂರಬೇಡಿ. ಸೊಲಾನಾದ ವ್ಯವಹಾರಕ್ಕೆ ಆಯುಷ್ಯ 150 ಬ್ಲಾಕ್, ಹೆಚ್ಚುಕಡಿಮೆ ಒಂದು ನಿಮಿಷ. ಪಾಪ್‌ಅಪ್ ತೆರೆದಿಟ್ಟು ಬಾಗಿಲಿಗೆ ಬಂದ ಹಾಲಿನವರ ಹತ್ತಿರ ಮಾತಾಡಿ ಬಂದರೆ, ಸಹಿ ಹಾಕಿದರೂ "ಬ್ಲಾಕ್‌ಹ್ಯಾಶ್ ನಾಟ್ ಫೌಂಡ್" ಅಂತ ಬೀಳುತ್ತದೆ. ದುಡ್ಡು ಎಲ್ಲೂ ಹೋಗಿರುವುದಿಲ್ಲ. ಮತ್ತೊಮ್ಮೆ ಕ್ಲೇಮ್ ಒತ್ತಿದರೆ ಆಯಿತು. ಇಥೀರಿಯಂನಲ್ಲಿ ಹೀಗಿಲ್ಲ, ಫೀ ಕಮ್ಮಿ ಇಟ್ಟ ವ್ಯವಹಾರ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿರಬಹುದು.

ಹೆಜ್ಜೆ 8: ಬಂದದ್ದು ಅಸಲಿಯೇ?

ವಾಲೆಟ್‌ನಲ್ಲಿ ಟೋಕನ್ ಮೇಲೆ ಒತ್ತಿದರೆ ಮಿಂಟ್ ವಿಳಾಸ, ಅಂದರೆ ಆ ಟೋಕನ್‌ನದೇ ಗುರುತಿನ ವಿಳಾಸ, ಸಿಗುತ್ತದೆ. ಅದನ್ನು ಸರ್ಕಲ್‌ನ ಪುಟದಲ್ಲಿರುವ ಸೊಲಾನಾ ಯುಎಸ್‌ಡಿಸಿ ವಿಳಾಸದ ಜೊತೆ ಪೂರ್ತಿ ಹೋಲಿಸಿ. ಅಸಲಿಯದು ದೊಡ್ಡ ಇ, ದೊಡ್ಡ ಪಿ, ಚಿಕ್ಕ ಜೆ, ದೊಡ್ಡ ಎಫ್ ಅಂತ ಶುರುವಾಗುತ್ತದೆ. ಆದರೆ ಬರೀ ಮೊದಲ ನಾಲ್ಕು ನೋಡಿ ಬಿಡಬೇಡಿ. ಯಾರು ಬೇಕಾದರೂ ಯುಎಸ್‌ಡಿಸಿ ಅಂತ ಹೆಸರಿಟ್ಟು ಟೋಕನ್ ಮಾಡಬಹುದು.

ಸಿಕ್ಕಿಹಾಕಿಕೊಂಡರೆ

ಬೇಸ್‌ನಲ್ಲಿ ಹಣ ಹೋಗಿದೆ, ಸೊಲಾನಾದಲ್ಲಿ ಬಂದಿಲ್ಲ, ಬ್ರೌಸರ್ ಬೇರೆ ಮುಚ್ಚಿಹೋಗಿದೆ. ಇದು ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಮೊದಲು ಬೇಸ್‌ನ ವ್ಯವಹಾರಗಳನ್ನು ತೋರಿಸುವ ಬೇಸ್‌ಸ್ಕ್ಯಾನ್ ಸೈಟ್‌ನಲ್ಲಿ ಹ್ಯಾಶ್ ಹಾಕಿ ವ್ಯವಹಾರ ಸಕ್ಸೆಸ್ ಆಗಿದೆಯೇ ನೋಡಿ. ಫೇಲ್ ಅಂತಿದ್ದರೆ ಗ್ಯಾಸ್ (ಚೈನ್‌ನ ಫೀ) ಮಾತ್ರ ಹೋಗಿದೆ, ಯುಎಸ್‌ಡಿಸಿ ನಿಮ್ಮಲ್ಲೇ ಇದೆ. ಸಕ್ಸೆಸ್ ಆಗಿದ್ದರೆ ಅದೇ ಬ್ರಿಡ್ಜ್ ಸೈಟ್‌ನಲ್ಲಿ ವ್ಯವಹಾರ ಮುಂದುವರಿಸುವ ಜಾಗದಲ್ಲಿ ಹ್ಯಾಶ್ ಹಾಕಿ. ಸಾಕ್ಷಿ ಸಹಿ ಒಮ್ಮೆ ಸಿದ್ಧವಾದರೆ ಅದನ್ನು ಸೊಲಾನಾಕ್ಕೆ ತಲುಪಿಸುವುದಷ್ಟೇ ಬಾಕಿ.

ಈ ಹೊತ್ತಿನಲ್ಲಿ ಟೆಲಿಗ್ರಾಂ ಗುಂಪಿಗೆ ಹೋಗಿ "ನನ್ನ ಹಣ ಸಿಕ್ಕಿಹಾಕಿಕೊಂಡಿದೆ" ಅಂತ ಬರೆದರೆ ಎರಡೇ ನಿಮಿಷದಲ್ಲಿ ಸಪೋರ್ಟ್ ಅನ್ನುವ ಹೆಸರಿನವರು ಮೆಸೇಜ್ ಮಾಡುತ್ತಾರೆ. ತುಂಬ ವಿನಯ, ಸರ್ ಸರ್ ಅಂತಾರೆ. ವಾಲೆಟ್ ಸಿಂಕ್ ಮಾಡಿ ಅಂತ ಲಿಂಕ್ ಕಳಿಸುತ್ತಾರೆ. ಬ್ಲಾಕ್ ಮಾಡಿ.

ಕೋಡ್ ಬರೆಯುವವರಿಗೆ ಒಂದು ಮಾತು. ಸಿಸಿಟಿಪಿಯನ್ನು ನೇರವಾಗಿ ಕರೆಯುವಾಗ ಸೊಲಾನಾ ಕಡೆಯ ಪಡೆಯುವವರ ಜಾಗದಲ್ಲಿ ವಾಲೆಟ್ ವಿಳಾಸ ಅಲ್ಲ, ಯುಎಸ್‌ಡಿಸಿ ಟೋಕನ್ ಅಕೌಂಟ್ ವಿಳಾಸ ಹಾಕಬೇಕು. ಮತ್ತೆ ಅದೇ ಪಾಸ್‌ಬುಕ್ ಕಥೆ. ವಾಪಸ್ ಬರುವಾಗ ಇವಿಎಂ ವಿಳಾಸ 20 ಬೈಟ್ ಮಾತ್ರ ಇರುವುದರಿಂದ ಮುಂದೆ 12 ಬೈಟ್ ಸೊನ್ನೆ ತುಂಬಿ 32 ಮಾಡಬೇಕು.

ತೆರಿಗೆ ಲೆಕ್ಕ

ಭಾರತದಲ್ಲಿ ತೆರಿಗೆ ಕಟ್ಟುವವರಿಗೆ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ 30% ತೆರಿಗೆ, ಮೇಲೆ ಸೆಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಅದೇ ವರ್ಷದ ಜುಲೈನಿಂದ 1% ಟಿಡಿಎಸ್ ಕೂಡ ಬಂತು. ಒಂದು ನಾಣ್ಯ ಕೊಟ್ಟು ಇನ್ನೊಂದು ತಗೊಂಡರೆ ಅದೂ ವರ್ಗಾವಣೆಯೇ, ರೂಪಾಯಿ ಮುಟ್ಟದಿದ್ದರೂ ಸರಿ. ಹಾಗಾಗಿ ಹೆಜ್ಜೆ 2ರಲ್ಲಿ ಯುಎಸ್‌ಡಿಸಿ ಕೊಟ್ಟು ಸೋಲ್ ಪಡೆದ ಐದು ಡಾಲರ್ ಕೂಡ ಲೆಕ್ಕಕ್ಕೆ ಬರುತ್ತದೆ. ನಾನು ಒಂದು ಶೀಟ್‌ನಲ್ಲಿ ತಾರೀಕು, ಎರಡೂ ಕಡೆಯ ಹ್ಯಾಶ್, ಅವತ್ತಿನ ರೂಪಾಯಿ ಬೆಲೆ, ಕಟ್ಟಿದ ಫೀ ಬರೆದಿಡುತ್ತೇನೆ. ಚೀಟಿ ಟೋಕನ್‌ಗಳಲ್ಲಿ ಓಡಾಡಿದ್ದರೆ ಆ ಶೀಟ್ ಹಿಡಿದು ನಿಮ್ಮ ಸಿಎ ಹತ್ತಿರ ಹೋಗಿ. ಬ್ರಿಡ್ಜ್ ಅಂದರೇನು ಅಂತ ಅವರಿಗೂ ಹೇಳಬೇಕಾಗಬಹುದು. ಗಿರವಿ ಅಂಗಡಿ ಅಂದರೆ ತಟ್ಟನೆ ಹೊಳೆಯುತ್ತದೆ, ನಾನು ನೋಡಿದ್ದೇನೆ.

ವಾಪಸ್ ಬರುವಾಗ

ಸೊಲಾನಾದಿಂದ ಬೇಸ್‌ಗೆ ದಾರಿ ಇದೇ, ತಿರುಗಿಸಿ ಹಿಡಿಯಬೇಕು. ಚಿಲ್ಲರೆ ಈಗ ಬೇಸ್ ಕಡೆ ಈಥರ್ ರೂಪದಲ್ಲಿ ಇರಬೇಕು. ಅಪ್ರೂವ್ ಹೆಜ್ಜೆ ಇಲ್ಲ, ಸೊಲಾನಾದಲ್ಲಿ ಸಾಮಾನ್ಯವಾಗಿ ಒಂದೇ ಸಹಿಯಲ್ಲಿ ಎಲ್ಲ ಮುಗಿಯುತ್ತದೆ. ಹಾಗಾಗಿ ಆ ಒಂದು ಪಾಪ್‌ಅಪ್‌ನಲ್ಲಿ ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಅಂತ ವಾಲೆಟ್ ತೋರಿಸುವ ಸಾಲುಗಳನ್ನು ನಿಮಿಷದೊಳಗೆ ಓದಿ ಮುಗಿಸಿ. ಯುಎಸ್‌ಡಿಸಿ ಪೂರ್ತಿ ಖಾಲಿಯಾದ ಮೇಲೆ ಆ ಟೋಕನ್ ಅಕೌಂಟ್ ಮುಚ್ಚಿದರೆ 0.002 ಸೋಲ್ ಠೇವಣಿ ಕೈಗೆ ಬರುತ್ತದೆ. ನಾನು ಇನ್ನೂ ಮುಚ್ಚಿಲ್ಲ. ಚಿಕ್ಕಪ್ಪನ ಮಗನಿಗೆ 0.02 ಸೋಲ್ ಕೊಡುವುದೂ ಬಾಕಿ ಇದೆ.